ಗೋಡೆಗೆ ಅಂಟಿಸಿದ ಕಸುಬು

ಒಂದು ಒದ್ದೆ ಬೆಡ್‌ಶೀಟು ಎಷ್ಟು ಭಾರ ಅನ್ನುವುದು ಹೊತ್ತವರಿಗೇ ಗೊತ್ತು. ಒಣಗಿದ್ದಾಗ ಹಗುರ, ಮಗುವೂ ಎತ್ತೀತು. ನೀರು ಕುಡಿದ ಮೇಲೆ ಅದೇ ಬಟ್ಟೆ ಹೆಣದ ಹಾಗೆ ತೋಳಿನ ಮೇಲೆ ಜೋತು ಬೀಳುತ್ತದೆ. ಅಂಥ ಇಪ್ಪತ್ತೆರಡನ್ನು ಇಸ್ತ್ರಿಯಮ್ಮ ದಿನಾ ಬೆಳಿಗ್ಗೆ ಲಾಡ್ಜಿನ ನೆಲಮಾಳಿಗೆಯಿಂದ ಮೂರನೆಯ ಮಹಡಿಯ ತಾರಸಿಗೆ ಹೊರುತ್ತಿದ್ದಳು. ಮೆಟ್ಟಿಲು ಅರವತ್ತೆಂಟು. ಹತ್ತೊಂಬತ್ತು ವರ್ಷದಿಂದ ಅದೇ ಮೆಟ್ಟಿಲು, ಅದೇ ಬಕೆಟ್ಟು. ಬಲಗೈ ಮಣಿಕಟ್ಟು ಊದಿಕೊಂಡು ಬಳೆ ಏರದೆ ಎರಡು ವರ್ಷವಾಗಿತ್ತು. ಹಿಂಡುವಾಗ ನೋವು ಮೊಣಕೈ ದಾಟಿ ಕಿವಿಯ ಹಿಂದಕ್ಕೆ ಬಂದು ಕುಟುಕುತ್ತಿತ್ತು.

ಮೂರು ವರ್ಷದಿಂದ ಅವಳು ಯಜಮಾನನನ್ನು ಕೇಳುತ್ತಿದ್ದದ್ದು ಒಂದೇ ಮಾತು. "ಕೈಗೊಬ್ಬರನ್ನ ಕೊಡಿ. ಮೇಲಕ್ಕೆ ಹೊತ್ತು ಹಾಕಿದ್ರೆ ಸಾಕು, ಮಿಕ್ಕಿದ್ದು ನಾನೇ ಮಾಡ್ಕೋತೀನಿ."

ಯಜಮಾನ ಬೈಯುವ ಪೈಕಿಯಲ್ಲ. ಬೈಯುವವನಾಗಿದ್ದರೆ ಎಷ್ಟೋ ಸಲೀಸಾಗುತ್ತಿತ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವವನು. ಯಾರಾದರೂ ಸಾರ್ ಅಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. "ಅಣ್ಣ ಅನ್ನಿ. ಇಲ್ಲಿ ಯಜಮಾನನೂ ಇಲ್ಲ, ಆಳೂ ಇಲ್ಲ. ಎಲ್ಲಾ ಒಂದೇ ಮನೆಯವರು." ಅವನಿಗಿಂತ ಹತ್ತು ವರ್ಷ ದೊಡ್ಡವಳಾದ ಇಸ್ತ್ರಿಯಮ್ಮನೂ ಅವನನ್ನು ಅಣ್ಣ ಅನ್ನಬೇಕಾಗಿತ್ತು. ಇದರಲ್ಲಿ ಒಂದು ತೊಡಕಿದೆ. ಯಜಮಾನನ ಹತ್ತಿರ ಜಗಳ ಆಡಬಹುದು. ಅಣ್ಣನ ಎದುರು ನಿಂತು ಹಕ್ಕು ಕೇಳುವುದಕ್ಕೆ ನಾಲಿಗೆ ಏಳುವುದಿಲ್ಲ.

ಇಂಥ ಲಾಡ್ಜಿಗೆ ಒಬ್ಬ ಹೆಂಗಸು ಒಂದು ಮಂಗಳವಾರ ಮಧ್ಯಾಹ್ನ ಒಂದು ಚೀಲ ಹಿಡಿದು ಬಂದಳು. ವಯಸ್ಸು ಮೂವತ್ತೈದರ ಆಸುಪಾಸು. ಅವಳು ಹದಿನಾಲ್ಕು ವರ್ಷ ದುಡಿದ ಗುಂಡಿ ಕಾರ್ಖಾನೆ ಬಾಗಿಲು ಹಾಕಿತ್ತು. ಬಂದರು ಪಟ್ಟಣದಲ್ಲಿದ್ದ ಚಿಕ್ಕಮ್ಮನ ಮಗಳು, ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ಹೆಂಗಸರನ್ನು ತೆಗೆದುಕೊಳ್ಳುತ್ತಾರೆ, ಹೊರಟು ಬಾ ಅಂದಿದ್ದಳು. ಬಾಡಿಗೆ ಕೋಣೆ ಬಿಟ್ಟು, ಪಾತ್ರೆ ಪಡಗ ಮಾರಿ ಹೊರಟಾಯಿತು. ಬಸ್ಸು ಬದಲಿಸುವ ಈ ಊರಿಗೆ ಬಂದು ಇಳಿದಾಗ ಫೋನು ಬಂತು: "ಅಕ್ಕಾ, ಕಾರ್ಖಾನೆ ಈಗಲೇ ತೆರೆಯಲ್ವಂತೆ. ಇನ್ನೂ ಆರು ವಾರ. ನಮ್ಮದು ಒಂದೇ ಕೋಣೆ, ಅತ್ತೆ ಬೇರೆ ಇದ್ದಾರೆ. ಸ್ವಲ್ಪ ಎಲ್ಲಾದರೂ ಇರ್ತೀಯಾ?"

ಹಿಂದಕ್ಕೆ ಹೋಗಲು ಮನೆಯಿಲ್ಲ, ಮುಂದಕ್ಕೆ ಹೋಗಲು ಜಾಗವಿಲ್ಲ. ಬಸ್ ನಿಲ್ದಾಣದ ಕಂಬದ ಮೇಲೆ ಒಂದು ಚೀಟಿ ಕಂಡಿತು. ಪ್ರಯಾಣಿಕರೇ, ದಿನಕ್ಕೆ ನಾಲ್ಕು ಗಂಟೆ ಕೈನೆರವು ನೀಡಿ, ಊಟ ವಸತಿ ನಮ್ಮದು, ಮನೆಯವರಾಗಿ ಬನ್ನಿ. ಅವಳು ಅದನ್ನು ಎರಡು ಸಲ ಓದಿದಳು. ದೇವರು ಕಣ್ಣು ಬಿಟ್ಟ ಅಂದುಕೊಂಡಳು.

ಲಾಡ್ಜಿನ ಅಡುಗೆಯವನು ಅವಳ ತಟ್ಟೆಗೆ ಬಡಿಸುತ್ತ ವಿಚಾರಣೆ ಶುರು ಮಾಡಿದ.

"ಏನು ಕೆಲಸ ಮಾಡ್ತಿದ್ದೆ?"

"ಗುಂಡಿ ಕಾರ್ಖಾನೇಲಿ ಇದ್ದೆ."

"ಬೀಳೋ ಗುಂಡಿನೋ, ಹಾಕ್ಕೊಳ್ಳೋ ಗುಂಡಿನೋ?"

"ಅಂಗಿಗೆ ಹಾಕ್ಕೊಳ್ಳೋದು."

"ಸರಿ ಹಾಗಾದ್ರೆ. ಬೀಳೋದಕ್ಕೆ ಈಗ ಬಂದಿದೀಯ."

ಅವಳೂ ನಕ್ಕಳು. ಅಂದಿನಿಂದ ಲಾಡ್ಜಿನಲ್ಲಿ ಅವಳು ಗುಂಡಿಯವಳಾದಳು.

ಮಲಗಲು ಮೆಟ್ಟಿಲ ಕೆಳಗಿನ ಕೋಣೆ ಸಿಕ್ಕಿತು. ಚಾವಣಿ ಓರೆ. ಎದ್ದು ಕೂರುವಾಗ ತಲೆ ತಗ್ಗಿಸಬೇಕು. ಯಾರು ಹತ್ತಿದರೂ ಇಳಿದರೂ ಹೆಜ್ಜೆ ಎದೆಯ ಮೇಲೆ ಬಿದ್ದ ಹಾಗೆ ಕೇಳುತ್ತಿತ್ತು. ಮೇಲಿನ ಮಹಡಿಗಳಲ್ಲೂ ಕೈನೆರವಿನ ಪ್ರಯಾಣಿಕರಿದ್ದರು. ಅವರು ದೇಶ ನೋಡಲು ಹೊರಟ ಓದಿದ ಮಕ್ಕಳು, ವಾರ ಹತ್ತು ದಿನ ಇದ್ದು ಗೋಡೆಗೆ ಬಣ್ಣ ಬಳಿದು, ಫೋಟೋ ತೆಗೆದುಕೊಂಡು ಮುಂದಿನ ಊರಿಗೆ ಹೋಗುವವರು. ಅವರಿಗೆ ಅದು ಆಟ. ಗುಂಡಿಯವಳಿಗೆ ತಲೆಯ ಮೇಲೆ ಸೂರು. ಹಾಗಾಗಿ ಅವಳ ನಾಲ್ಕು ಗಂಟೆ ಒಂದು ದಿನ ಆರಾಯಿತು, ಇನ್ನೊಂದು ದಿನ ಒಂಬತ್ತಾಯಿತು. ಬೇಡ ಅಂದರೆ ಚೀಲ ಎತ್ತಬೇಕಾದೀತು ಅನ್ನುವ ಅಳುಕು ಅವಳಿಗೆ.

ಎರಡನೆಯ ದಿನ ಅಣ್ಣ ಅವಳನ್ನು ನೆಲಮಾಳಿಗೆಗೆ ಕರೆದುಕೊಂಡು ಹೋದ. "ಅಮ್ಮಾ, ಕೇಳ್ತಾನೇ ಇದ್ರಲ್ಲ? ತಗೊಳ್ಳಿ, ಕೈಗೊಬ್ಬಳು ಬಂದಳು."

ಇಸ್ತ್ರಿಯಮ್ಮ ಕೈ ಒರೆಸಿಕೊಂಡು ಗುಂಡಿಯವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಒಳಗಿನಿಂದ ಒಂದು ಸ್ಟೂಲು ತಂದು ಸೆರಗಿನಿಂದ ಧೂಳು ಹೊಡೆದಳು.

"ಕೂತ್ಕೋ ತಾಯಿ. ಈ ಸ್ಟೂಲ್ ಮೇಲೆ ಯಾರಾದ್ರೂ ಕೂರಲಿ ಅಂತ ಮೂರು ವರ್ಷದಿಂದ ಕಾಯ್ತಿದೀನಿ."

ಕಲಿಸುವುದರಲ್ಲಿ ಅವಳು ಒಂದಿಷ್ಟೂ ಹಿಂದೆಮುಂದೆ ನೋಡಲಿಲ್ಲ. ರಕ್ತದ ಕಲೆಗೆ ತಣ್ಣೀರೇ ಆಗಬೇಕು. "ಬಿಸಿನೀರು ಹಾಕಿದೆಯೋ, ಕಲೆ ಬೆಂದು ಬಟ್ಟೆಗೇ ಅಂಟ್ಕೊಳುತ್ತೆ. ಸಿಟ್ಟು ಬಂದೋರ ಜೊತೆ ಮಾತಾಡೋ ಹಾಗೆ, ತಣ್ಣಗೆ." ದಿಂಬಿನ ಕವರಿನ ತಲೆಯೆಣ್ಣೆಗೆ ಮೊದಲು ಸೀಮೆಸುಣ್ಣದ ಪುಡಿ ಉಜ್ಜಬೇಕು. ಚಹಾ ಚೆಲ್ಲಿದ್ದರೆ ಕುದಿಯುವ ನೀರನ್ನು ಮೊಳದೆತ್ತರದಿಂದ ಸುರಿಯಬೇಕು. ಬೆಡ್‌ಶೀಟನ್ನು ಪೂರ್ತಿ ಒಣಗುವ ಮೊದಲೇ ತಂತಿಯಿಂದ ಇಳಿಸಬೇಕು, ಕೆನ್ನೆಗೆ ಒತ್ತಿದರೆ ತಂಪು ತಾಗಬೇಕು, ತೇವ ತಾಗಬಾರದು. ಎದುರುಬದುರು ನಿಂತು ಮೂಲೆಯಿಂದ ಮೂಲೆಗೆ ಎಳೆದು ಒಂದು ಸಲ ಝಾಡಿಸಬೇಕು. ಅಲ್ಲಿದ್ದ ಎರಡು ಒಗೆಯುವ ಮಷೀನುಗಳಲ್ಲಿ ಎರಡನೆಯದರ ಮುಚ್ಚಳಕ್ಕೆ ಸೊಂಟದಿಂದ ಒಂದು ಗುಮ್ಮು ಕೊಡಬೇಕು. "ಅದು ನನ್ನ ಗಂಡನ ಥರ. ಬಾಯಿಮಾತಿಗೆ ಬಗ್ಗಲ್ಲ."

"ಈಗಲೂ ಗುಮ್ತೀರಾ ಅವರಿಗೆ?"

"ಎಲ್ಲಿ ಗುಮ್ಮೋದು ಈಗ! ಉಸಿರು ಎಳ್ಕೊಂಡು ಕಿಟಕಿ ಹತ್ರ ಕೂತಿರ್ತಾನೆ ಪಾಪ. ನಾನು ಇಲ್ಲಿ ದುಡಿದ್ರೇನೇ ಮನೇಲಿ ಒಲೆ ಹೊತ್ತೋದು."

ಗುಂಡಿಯವಳು ಬಕೆಟ್ಟು ಹೊತ್ತಳು. ನಾಲ್ಕು ದಿನ ಕಳೆಯುವುದರಲ್ಲಿ ಇಸ್ತ್ರಿಯಮ್ಮನ ಕೈಯ ಊತ ಒಂದು ಸುತ್ತು ಇಳಿಯಿತು. ಆಕೆ ಅದನ್ನು ಮತ್ತೆ ಮತ್ತೆ ತಿರುಗಿಸಿ ನೋಡಿಕೊಂಡಳು.

ಐದನೆಯ ದಿನ ಅಣ್ಣ ಒಂದು ಹೊಸ ನೋಟುಬುಕ್ಕು ತಂದು ಗುಂಡಿಯವಳ ಕೈಗಿಟ್ಟ.

"ನೀನು ಓದಿದವಳು ಅಂತ ಕೇಳಿದೆ."

"ಸಂಜೆ ಶಾಲೇಲಿ ಅಣ್ಣಾ. ಅಷ್ಟೇನಿಲ್ಲ."

"ಅಕ್ಷರ ಮುದ್ದಾಗಿದೆಯಂತೆ. ನೋಡು, ನಮ್ಮಮ್ಮನ ಕೈಯಲ್ಲಿರೋದು ದೊಡ್ಡ ವಿದ್ಯೆ. ಅವರು ಅಕ್ಷರ ಕಲಿತಿಲ್ಲ. ಅವರ ಜೊತೆಗೇ ಹೋಗಿಬಿಡಬಾರದು ಅಲ್ವಾ? ಒಂದೂ ಬಿಡದೆ ಬರೀ. ಅವರಿಗೂ ಒಂದು ಗೌರವ."

ಗುಂಡಿಯವಳಿಗೆ ಎದೆ ಉಬ್ಬಿತು. ಹದಿನಾಲ್ಕು ವರ್ಷ ಅವಳ ಕೈ ಮಾತ್ರ ಬೇಕಾಗಿತ್ತು ಜನಕ್ಕೆ. ಅಕ್ಷರ ಬೇಕು ಅಂದವನು ಇವನೇ ಮೊದಲು. ಅವಳು ಇಸ್ತ್ರಿಯಮ್ಮನ ಹಿಂದೆ ಪೆನ್ನು ಹಿಡಿದು ನಡೆದಳು. ಇಸ್ತ್ರಿಯಮ್ಮನೂ ಹಿಗ್ಗಿದಳು. "ನನ್ನ ಮಾತನ್ನೂ ಬರೀತಾರಾ ಯಾರಾದ್ರೂ?" ಅಂದಳು.

"ಕೆಲವು ಬರೆಯೋಕಾಗಲ್ಲ ಮಗಳೇ," ಅಂದಳು ಒಮ್ಮೆ. "ಇಸ್ತ್ರಿ ಪೆಟ್ಟಿಗೆ ಎಷ್ಟು ಹೊತ್ತು ಇಡಬೇಕು ಅಂದ್ರೆ ಏನು ಹೇಳಲಿ? ಕೈಗೆ ಗೊತ್ತಾಗುತ್ತೆ."

ಬಿಟ್ಟಿದ್ದರೆ ಆಗುತ್ತಿತ್ತು. ಗುಂಡಿಯವಳು ಬಿಡುವವಳಲ್ಲ. ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಖಾಲಿ ಬಿಟ್ಟರೂ ನಿದ್ದೆಗೆಡುವ ಪ್ರಾಣಿ ಅದು. ಪಕ್ಕದಲ್ಲಿ ನಿಂತು ಇಸ್ತ್ರಿಯಮ್ಮನ ಉಸಿರು ಎಣಿಸಿದಳು. ಅಂಚಿಗೆ ಎರಡು ಉಸಿರು, ನಡುವಿಗೆ ಒಂದು, ಹೊಲಿಗೆ ಇದ್ದ ಕಡೆ ಮೂರು. ಬರೆದಳು. ಕೈಗೆ ಮಾತ್ರ ಗೊತ್ತಿದ್ದುದನ್ನೂ ಹೀಗೆ ಒಂದೊಂದಾಗಿ ಕಾಗದಕ್ಕೆ ಇಳಿಸಿದಳು. ಒಟ್ಟು ನಲವತ್ತೊಂದು ಅಂಶ. ಮೇಲೆ ದಪ್ಪಕ್ಷರದಲ್ಲಿ 'ಇಸ್ತ್ರಿಯಮ್ಮನವರ ಕ್ರಮ' ಎಂದು ಬರೆದು ಅಡಿಗೆರೆ ಎಳೆದಳು.

ಮರುದಿನ ಸಂಜೆ ಅಣ್ಣ ಎಲ್ಲರನ್ನೂ ಊಟದ ಕೋಣೆಗೆ ಕರೆಸಿದ. ಮೇಜಿನ ಮೇಲೊಂದು ಕೇಕು. ಇಸ್ತ್ರಿಯಮ್ಮನನ್ನು ನಡುವೆ ನಿಲ್ಲಿಸಿ, "ಹತ್ತೊಂಬತ್ತು ವರ್ಷ! ಈ ಕೈಗಳಿಗೆ ಒಂದು ಚಪ್ಪಾಳೆ!" ಅಂದ. ಪ್ರಯಾಣಿಕ ಮಕ್ಕಳು ಕೇಕೆ ಹಾಕಿ ಚಪ್ಪಾಳೆ ಹೊಡೆದರು. ಗುಂಡಿಯವಳು ಎಲ್ಲರಿಗಿಂತ ಜೋರಾಗಿ ಹೊಡೆದಳು. ಫೋಟೋ ಆಯಿತು. ಅಡುಗೆಯವನೊಬ್ಬನೇ ಕೈಕಟ್ಟಿ ಬಾಗಿಲಲ್ಲಿ ನಿಂತಿದ್ದ.

ಮರುದಿನ ಬೆಳಿಗ್ಗೆ ಆರಕ್ಕೆ, ದಿನದ ಹಾಗೇ, ಇಸ್ತ್ರಿಯಮ್ಮ ಹಿಂಬಾಗಿಲು ತಟ್ಟಿದಳು. ಗುಂಡಿಯವಳು ತೆಗೆದಳು.

"ನಿನ್ನೆ ಯಾಕೆ ಚಪ್ಪಾಳೆ ಹೊಡೆದ್ರು ಅಂತ ನಮ್ಮನೆಯವರು ಕೇಳಿದ್ರು," ಅಂದಳು ಚಪ್ಪಲಿ ಬಿಡುತ್ತ. "ಕೈ ನೋವು ಕಮ್ಮಿ ಆಯ್ತಲ್ಲ, ಅದಕ್ಕೇ ಇರಬೇಕು ಅಂದೆ."

ನೆಲಮಾಳಿಗೆಯ ಗೋಡೆಗೆ ರಾತ್ರೋರಾತ್ರಿ ಏನೋ ಬಂದಿತ್ತು. ಪ್ಲಾಸ್ಟಿಕ್ ಹೊದಿಸಿದ ಎರಡು ದೊಡ್ಡ ಹಾಳೆ. ಪಕ್ಕಪಕ್ಕದಲ್ಲಿ ಪುಟ್ಟ ಚಿತ್ರಗಳು. ಇಸ್ತ್ರಿಯಮ್ಮ ಏಪ್ರನ್ನು ತೂಗುಹಾಕುವ ಮೊಳೆ ಖಾಲಿ.

"ಇದೇನೇ ಇದು? ಓದು."

ಗುಂಡಿಯವಳು ಓದಿದಳು. "ಒಂದು. ರಕ್ತದ ಕಲೆಗೆ ತಣ್ಣೀರು ಮಾತ್ರ. ಎರಡು. ದಿಂಬಿನ ಕವರಿಗೆ ಸೀಮೆಸುಣ್ಣದ ಪುಡಿ..."

"ನಾನು ಹೇಳಿದ್ದೇ ಅಲ್ವಾ? ಹಾಗೇ ಇದೆ!" ಆಕೆಯ ಮುಖ ಅರಳಿತು. "ಮೇಲೆ ನನ್ನ ಹೆಸರು ಹಾಕಿದೀಯಾ?"

ಮೇಲೆ 'ನಮ್ಮ ಮನೆಯ ಕ್ರಮ' ಎಂದಿತ್ತು. ಗುಂಡಿಯವಳು ಅದನ್ನು ಹೇಳುವ ಮೊದಲೇ ಅಣ್ಣ ಮೆಟ್ಟಿಲು ಇಳಿದು ಬಂದ.

"ಅಯ್ಯೋ ಅಮ್ಮಾ, ನೀವ್ಯಾಕೆ ಬರೋಕೆ ಹೋದ್ರಿ? ನಿನ್ನೆ ಬೀಳ್ಕೊಟ್ವಲ್ಲ! ವಿಶ್ರಾಂತಿ ತಗೊಳ್ಳಿ. ಕೈ ನೋಡ್ಕೊಳ್ಳಿ."

"ಇವಳು ಇದಾಳಲ್ಲ ಅಣ್ಣಾ ಹೊರೋಕೆ. ಕೈ ಈಗ ಆರಾಮಿದೆ."

"ಅದೇ ಹೇಳ್ತಿರೋದು. ಇವಳು ಇದಾಳೆ."

ಇಸ್ತ್ರಿಯಮ್ಮ ಗೋಡೆ ನೋಡಿದಳು. ಗುಂಡಿಯವಳನ್ನು ನೋಡಿದಳು. ಅಳಲಿಲ್ಲ. ಬಿಟ್ಟ ಚಪ್ಪಲಿಗೆ ಮತ್ತೆ ಕಾಲು ತೂರಿಸುವಾಗ ಒಂದು ಸಲ ತಪ್ಪಿತು, ಗೋಡೆ ಹಿಡಿದುಕೊಂಡಳು.

"ಕೊಟ್ಟವಳು ಕೋಡಂಗಿ," ಅಂದಳು. ಹೊರಟು ಹೋದಳು.

ಗುಂಡಿಯವಳು ಅಣ್ಣನನ್ನು ತಡೆದಳು. "ಅಣ್ಣಾ, ಅವರನ್ನ ತೆಗೆದುಬಿಟ್ರಾ?"

"ಛೆ ಛೆ, ತೆಗೆಯೋದು ಅಂದ್ರೇನಮ್ಮ! ಮನೆಯವರನ್ನ ಯಾರಾದ್ರೂ ತೆಗೀತಾರಾ?" ಅವಳ ತಲೆ ನೇವರಿಸಿದ ಹಾಗೆ ಕೈ ಆಡಿಸಿ ಮೇಲೆ ಹೋದ.

ಮೂರು ದಿನ ಅವಳೊಬ್ಬಳೇ ಇಪ್ಪತ್ತೆರಡನ್ನೂ ಹೊತ್ತಳು. ಮೂರು ದಿನ ತಟ್ಟೆಯ ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಬಿಸಿ ತುಪ್ಪ ಬಾಯಿಗೆ ಬಿದ್ದ ಸ್ಥಿತಿ. ಉಗುಳಿದರೆ ಬೀದಿ, ನುಂಗಿದರೆ ಒಬ್ಬ ಮುದುಕಿಯ ಒಲೆ.

"ಉಣ್ಣು," ಅಂದ ಅಡುಗೆಯವನು. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಇಲ್ಲಿ ಕೈ ನಿನ್ನದು, ಬಾಯಿ ಅಣ್ಣನದು. ತೋಟದವನು ಹೋದ, ಕಸ ಗುಡಿಸೋಳು ಹೋದಳು, ಬಣ್ಣದವನು ಹೋದ. ಎಲ್ಲರಿಗೂ ಚಪ್ಪಾಳೆ ಆಗಿದೆ. ಕೇಕು ಮಾಡಿದ್ದು ನಾನೇ."

"ಗೊತ್ತಿದ್ದೂ ನನಗೆ ಹೇಳಲಿಲ್ವಲ್ಲ!"

"ಹೇಳಿದ್ರೆ ನನಗೂ ಒಂದು ಕೇಕು ಬೇಯಿಸ್ಕೋಬೇಕಾಗಿತ್ತು."

ಅವಳ ತಟ್ಟೆ ಎತ್ತುತ್ತ ಅವನೇ, "ಬಸ್ ನಿಲ್ದಾಣದ ಹಿಂದೆ ಕಾರ್ಮಿಕರ ಕಚೇರಿ ಇದೆ. ಹೋದ್ರೆ ನ್ಯಾಯ ಸಿಗಲ್ಲ, ಫ್ಯಾನಿನ ಗಾಳಿ ಸಿಗುತ್ತೆ," ಅಂದ.

ನಾಲ್ಕನೆಯ ದಿನ ಅವಳು ಕೆಲಸ ಅರ್ಧಕ್ಕೆ ಬಿಟ್ಟು ಇಸ್ತ್ರಿಯಮ್ಮನ ಮನೆ ಹುಡುಕಿಕೊಂಡು ಹೋದಳು. ಓಣಿಯ ಕೊನೆಯಲ್ಲಿ ಒಂದೇ ಕೋಣೆಯ ಮನೆ. ಗಂಡ ಕಿಟಕಿಯ ಹತ್ತಿರ ಕೂತು ಉಸಿರು ಎಳೆಯುತ್ತಿದ್ದ, ಸಿಳ್ಳೆಯ ಹಾಗೆ. ಇಸ್ತ್ರಿಯಮ್ಮ ಬರಿಗೈಯಲ್ಲಿ ಕೂತಿದ್ದಳು. ಅವಳು ಹಾಗೆ ಸುಮ್ಮನೆ ಕೂತದ್ದನ್ನು ಗುಂಡಿಯವಳು ನೋಡಿರಲಿಲ್ಲ.

"ನನ್ನ ಕೈಯಾರೆ ನಿಮ್ಮ ಅನ್ನ ಕಿತ್ಕೊಂಡೆ ಅಮ್ಮಾ. ಬೈಯಿರಿ."

"ಬೈಯೋಕೂ ತ್ರಾಣ ಬೇಕು ಕಣೇ. ನಾಕು ಲಾಡ್ಜು ಸುತ್ತಿ ಬಂದೆ. ಎಲ್ಲಾ ಕಡೆ ಪ್ರಯಾಣಿಕರೇ ಒಗೀತಿದಾರೆ."

"ಕಚೇರಿಗೆ ಹೋಗೋಣ ಬನ್ನಿ. ನಿಮ್ಮ ಕೆಲಸ ನಾನು ಮಾಡ್ತಿದೀನಿ ಅಂತ ನಾನೇ ಹೇಳ್ತೀನಿ."

ಗಂಡ ಕಿಟಕಿಯಿಂದಲೇ ಕೇಳಿದ. "ಹೇಳಿದ್ರೆ ನೀನು ಎಲ್ಲಿ ಮಲಗ್ತೀಯಮ್ಮ?"

ಗುಂಡಿಯವಳು ಇಸ್ತ್ರಿಯಮ್ಮನ ಚಪ್ಪಲಿಯನ್ನು ಬಾಗಿಲ ಕಡೆ ತಿರುಗಿಸಿಟ್ಟಳು. ಎಲ್ಲಿ ಮಲಗುವುದೆಂದು ಅವಳಿಗೂ ಗೊತ್ತಿರಲಿಲ್ಲ.

ಕಚೇರಿಯ ಅಧಿಕಾರಿ ಕೆಟ್ಟವನಲ್ಲ. ಇಬ್ಬರಿಗೂ ಕುರ್ಚಿ ಕೊಟ್ಟ. ಪೂರ್ತಿ ಕೇಳಿದ. ಕನ್ನಡಕ ತೆಗೆದು ಒರೆಸಿದ.

"ನಿಮ್ಮ ಜಾಗಕ್ಕೆ ಬೇರೆಯವರನ್ನ ತಗೊಂಡಿದಾರಾ?"

"ಇವಳನ್ನ ಸಾರ್."

"ಇವರಿಗೆ ಸಂಬಳ ಕೊಡ್ತಾರಾ?"

"ಇಲ್ಲ ಸಾರ್, ಊಟ, ಇರೋಕೆ ಜಾಗ," ಅಂದಳು ಗುಂಡಿಯವಳು.

"ಹಾಗಾದ್ರೆ ನೀವು ಕೆಲಸದವರಲ್ಲ, ಅತಿಥಿ. ಕೆಲಸದವರೇ ಇಲ್ಲ ಅಂದ್ಮೇಲೆ ಅಲ್ಲಿ ಕೆಲಸವೂ ಇಲ್ಲ. ಇಲ್ಲದ ಕೆಲಸಕ್ಕೆ ಯಾರನ್ನೂ ತಗೊಂಡಿಲ್ಲ. ನಾನು ಏನಂತ ಬರೀಲಿ ಹೇಳಿ?"

"ಬೆಡ್‌ಶೀಟು ಒಗೀತಾ ಇದೀನಲ್ಲ ಸಾರ್ ನಾನು! ಕೈ ನೋಡಿ!"

ಅವನು ಕೈ ನೋಡಿದ. ಸೋಪಿನಿಂದ ಬಿರಿದ ಬೆರಳ ಸಂದುಗಳನ್ನು ನೋಡಿದ. ನಿಟ್ಟುಸಿರು ಬಿಟ್ಟ. "ಹಾಗೆ ಹೇಳಿದ್ರೆ ನಿಮಗೇ ತೊಂದರೆ ಅಮ್ಮ. ಪ್ರಯಾಣಿಕರು ಅನುಮತಿ ಇಲ್ಲದೆ ಕೆಲಸ ಮಾಡೋದು ತಪ್ಪು. ನಿಮ್ಮ ಮೇಲೇ ಬರುತ್ತೆ."

"ಬರಲಿ. ಬರೀರಿ ಸಾರ್."

"ಏನು?"

"ನಾನು ತಪ್ಪು ಮಾಡಿದೆ ಅಂತ ಬರೀರಿ. ಕೆಲಸ ಮಾಡಿದ್ದೇ ತಪ್ಪು ಅಂತ ಬರೀರಿ. ಹಾಗಾದ್ರೂ ಅಲ್ಲಿ ಕೆಲಸ ಇತ್ತು ಅಂತ ಆಗುತ್ತಲ್ಲ! ಅಮ್ಮನ ಕೆಲಸ ಇತ್ತು ಅಂತ!"

ಫ್ಯಾನು ತಿರುಗುತ್ತಿತ್ತು. ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದ. ಫೋನು ಎತ್ತಿ ಪಿಸುದನಿಯಲ್ಲಿ, "ಅಣ್ಣಾ, ನಿಮ್ಮ ಮನೆಯವರೇ ಬಂದಿದಾರೆ ಇಲ್ಲಿ," ಅಂದ. ಆಮೇಲೆ ಒಂದು ಹಾಳೆಯ ಮೇಲೆ ನಾಲ್ಕು ಸಾಲು ಗೀಚಿ, ಮೊಹರು ಒತ್ತಿ ಇಸ್ತ್ರಿಯಮ್ಮನಿಗೆ ಕೊಟ್ಟ. ಹೊರಗೆ ಬಂದು ಗುಂಡಿಯವಳು ಓದಿದಳು. ಸದರಿ ಜಾಗದಲ್ಲಿ ಒಗೆತದ ಹುದ್ದೆ ಯಾವುದೂ ಇರುವುದಿಲ್ಲ, ಆದ್ದರಿಂದ ದೂರು ಮುಕ್ತಾಯ.

ಲಾಡ್ಜಿನ ಹತ್ತಿರ ಬರುವಾಗಲೇ ಅವಳ ಚೀಲ ಹಿಂಬಾಗಿಲಿನ ಮೆಟ್ಟಿಲ ಮೇಲಿತ್ತು. ಅಣ್ಣ ಪಕ್ಕದಲ್ಲಿ ನಿಂತಿದ್ದ. ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

"ಮನೆ ಮಾತನ್ನ ಬೀದಿಗೆ ಹಾಕಿದೆಯಲ್ಲಮ್ಮ. ಉಂಡ ಮನೆ ಇದು."

"ಉಂಡಿದ್ದಕ್ಕೆ ಹೊತ್ತಿದೀನಿ ಅಣ್ಣಾ. ಬಾಕಿ ಇಲ್ಲ."

ಅಷ್ಟರಲ್ಲಿ ಒಳಗಿಂದ ಕಿರುಚಾಟ ಕೇಳಿಸಿತು. ಬೆಳಿಗ್ಗೆ ತಾನೆ ಬಸ್ಸಿಳಿದ ಇಬ್ಬರು ಹುಡುಗಿಯರು ನೆಲಮಾಳಿಗೆಯಿಂದ ಓಡಿ ಬಂದರು. ಒಬ್ಬಳಿಗೆ ಮೊಣಕಾಲವರೆಗೆ ನೊರೆ. "ಅಂಕಲ್, ಮಷೀನಿಂದ ನೊರೆ ಉಕ್ಕಿ ಬರ್ತಾ ಇದೆ! ನಿಲ್ತಾನೇ ಇಲ್ಲ! ಗೋಡೆ ಮೇಲೆ ಇದು ಬರೆದಿಲ್ಲ!"

ಬಿಳಿ ನೊರೆ ಹೊಸ್ತಿಲು ದಾಟಿ ಮೆಟ್ಟಿಲ ಮೇಲೆ ಬಂತು. ಇಸ್ತ್ರಿಯಮ್ಮನ ಕಾಲು ತಾನಾಗಿಯೇ ಒಂದು ಹೆಜ್ಜೆ ಮುಂದಿಟ್ಟಿತು. ಗುಂಡಿಯವಳು ಅವಳ ಮೊಣಕೈ ಹಿಡಿದಳು. ಹೆಜ್ಜೆ ನಿಂತಿತು.

ಅಣ್ಣ ತಿರುಗಿದ. ದನಿ ಜೇನಾಯಿತು. "ಅಮ್ಮಾ, ಒಂದು ನಿಮಿಷ ಒಳಗೆ ಬನ್ನಿ. ಮಕ್ಕಳಿಗೆ ತೋರಿಸಿಕೊಡಿ. ನೀವು ಮನೆಯವರಲ್ವಾ?"

ಇಸ್ತ್ರಿಯಮ್ಮ ಕೈಲಿದ್ದ ಕಾಗದ ಚಾಚಿದಳು. ತಲೆಕೆಳಗಾಗಿ ಹಿಡಿದಿದ್ದಳು.

"ನಾನು ಯಾರೂ ಅಲ್ಲ. ಇಲ್ಲಿ ಒಗೆಯೋ ಕೆಲಸವೇ ಇಲ್ಲವಂತೆ. ಸರಕಾರದ ಮೊಹರು ಇದೆ, ನೋಡಿ. ಇಲ್ಲದ ಕೆಲಸಕ್ಕೆ ನೊರೆ ಎಲ್ಲಿಂದ ಬರುತ್ತೆ?"

ಅಡುಗೆ ಕೋಣೆಯ ಕಿಟಕಿಯಲ್ಲಿ ಯಾರೋ ನಕ್ಕರು. ನಗು ತಕ್ಷಣ ಕೆಮ್ಮಾಯಿತು. ಅಣ್ಣನ ಮುಖ ಮೊದಲ ಬಾರಿಗೆ ಯಜಮಾನನ ಮುಖವಾಯಿತು.

ಇಬ್ಬರೂ ಬೆನ್ನು ಹಾಕಿದರು. ಚೀಲವನ್ನು ಒಬ್ಬೊಬ್ಬರು ಒಂದೊಂದು ಹಿಡಿಕೆಯಲ್ಲಿ ಹಿಡಿದು ಬೀದಿಗೆ ಇಳಿದರು. ಹತ್ತು ಹೆಜ್ಜೆ ಹೋಗಿರಬೇಕು, ಹಿಂದೆ ಮಷೀನಿನ ಸದ್ದು ಗಕ್ಕನೆ ನಿಂತಿತು. ಹುಡುಗಿಯರು ಹೋ ಎಂದು ಕೂಗಿದರು.

"ಸಿಕ್ತು! ಫೋನಲ್ಲಿ ಸಿಕ್ತು! ನೀರಿನ ನಲ್ಲಿ ನಿಲ್ಲಿಸಿ, ಎರಡು ಮುಷ್ಟಿ ಉಪ್ಪು ಹಾಕಿದ್ರೆ ಸಾಕು, ನೊರೆ ಕೂತುಬಿಡುತ್ತೆ!"

"ಅಯ್ಯೋ, ಇಷ್ಟೇನಾ! ಪೆನ್ ಕೊಡೇ, ಗೋಡೆ ಮೇಲೆ ಬರೆದಿಡೋಣ. ಮುಂದೆ ಬರೋರಿಗೆ ಪಾಪ, ಕಷ್ಟ ಆಗಬಾರದು."